ಕ್ಯಾಬಿನಿಂದ ಇಳಿದ ಭಕ್ತೆ

ಹೂಡಿಯಿಂದ ಸ್ವಲ್ಪ ಒಳಗೆ, ರೈಲ್ವೆ ಗೇಟು ದಾಟಿದ ಮೇಲೆ ಸಿಗುವ ಒಂದು ಹಳ್ಳಿಯಲ್ಲಿ ನಾನು ಕೆಲವು ವರ್ಷ ಬಾಡಿಗೆಗೆ ಇದ್ದೆ. ಅದನ್ನು ಹಳ್ಳಿ ಎಂದು ಕರೆಯುತ್ತಿದ್ದವರು ಅಲ್ಲಿಯ ಹಳಬರು ಮಾತ್ರ. ಸೈಟು ಮಾರುವವರ ಬೋರ್ಡಿನಲ್ಲಿ ಅದು ಬಡಾವಣೆ, ನಾನು ಕೆಲಸ ಮಾಡುತ್ತಿದ್ದ ಕಂಪನಿಯ ಲೆಕ್ಕದಲ್ಲಿ ಬರಿಯ ‘ಡ್ರಾಪ್ ಪಾಯಿಂಟ್’. ಎರಡು ಸಾವಿರದ ಏಳರ ಸುಮಾರಿನ ಮಾತು, ನನಗಾಗ ಇಪ್ಪತ್ತಮೂರು. ಕೋಲಾರದ ಮನೆಯಿಂದ ದಿನಾ ಓಡಾಡಲು ಆಗದಂಥ ಹೊತ್ತಿನ ಕೆಲಸ ನನ್ನದು. ಸಂಜೆ ಕ್ಯಾಬ್ ಹತ್ತಿ ವೈಟ್‌ಫೀಲ್ಡಿನ ಕಾಲ್ ಸೆಂಟರಿಗೆ ಹೋಗುವುದು, ರಾತ್ರಿಯಿಡೀ ಅಮೆರಿಕದವರ ಬಟ್ಟೆ ಒಗೆಯುವ ಮಷೀನು ಯಾಕೆ ತಿರುಗುತ್ತಿಲ್ಲ ಎಂದು ಫೋನಿನಲ್ಲಿ ವಿಚಾರಿಸುವುದು, ಬೆಳಗಿನ ಜಾವ ಐದರೊಳಗೆ ರೂಮು ಸೇರುವುದು. ಹೀಗೆ ಸಲಹೆ ಕೊಡುವವಳು ತನ್ನ ಬಟ್ಟೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿ ಕಲ್ಲಿಗೆ ಕುಕ್ಕಿ ಒಗೆಯುತ್ತಾಳೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ.

ರೂಮಿನ ಓನರ್ ಆಂಟಿ ಆ ಊರಿನ ಹಳೆಯ ಮನೆತನದವರು. ಅವರ ರಾಗಿ ಹೊಲ ಇದ್ದ ಕಡೆ ಗಾಜಿನ ಕಟ್ಟಡ ಎದ್ದಿತ್ತು. ಉಳಿದ ಜಾಗದಲ್ಲಿ ಬೆಂಕಿಪೊಟ್ಟಣ ಜೋಡಿಸಿದ ಹಾಗೆ ರೂಮುಗಳನ್ನು ಕಟ್ಟಿ ಬಾಡಿಗೆಗೆ ಬಿಟ್ಟಿದ್ದರು. ಇಷ್ಟಾದರೂ ಎರಡು ಹಸುಗಳನ್ನು ಮಾತ್ರ ಕೊಟ್ಟಿರಲಿಲ್ಲ. ಅವುಗಳ ಹಾಲು ಕರೆಯಲು ಆಂಟಿ ನಸುಕಿಗೆ ಮುಂಚೆ ಏಳುತ್ತಿದ್ದುದರಿಂದ ನಾನು ಕ್ಯಾಬಿನಿಂದ ಇಳಿಯುವುದನ್ನು ಮೊದಲು ನೋಡುತ್ತಿದ್ದವರು ಅವರೇ. ಆಮೇಲೆ ನೋಡುತ್ತಿದ್ದವರು ಬಾಗಿಲಿಗೆ ನೀರು ಹಾಕುವ ಎದುರು ಮನೆಯಾಕೆ. ಅವರ ನಂತರ, ಡಾಕ್ಟರ ಮಾತಿನಂತೆ ಮಫ್ಲರು ಸುತ್ತಿಕೊಂಡು ವಾಕಿಂಗ್ ಹೊರಟಿರುತ್ತಿದ್ದ ದೇವಸ್ಥಾನ ಸಮಿತಿಯ ಅಧ್ಯಕ್ಷರು. ಹಿಂದೆ ಪಂಚಾಯಿತಿ ಸದಸ್ಯರಾಗಿದ್ದ ಇವರು ಆಗ ಸೈಟು ಮಾರಿಸುತ್ತಿದ್ದರು. ಊರಿನ ಜಮೀನೆಲ್ಲ ಇವರ ಕೈಯಿಂದಲೇ ದಾಟಿ ಹೋಗಿತ್ತಾದ್ದರಿಂದ ಊರಿನ ಮರ್ಯಾದೆಯನ್ನು ಕಾಯುವ ಜವಾಬ್ದಾರಿಯೊಂದು ಇವರ ಪಾಲಿಗೆ ಉಳಿದಿತ್ತು.

ಬೆಳಗಿನ ಜಾವ ಗಂಡಸು ಓಡಿಸುವ ಗಾಡಿಯಿಂದ ಒಂಟಿ ಹೆಣ್ಣು ಇಳಿಯುವುದಕ್ಕೆ ನಮ್ಮ ಬೀದಿಯಲ್ಲಿ ಒಂದೇ ಅರ್ಥವಿತ್ತು. ಕೊರಳಲ್ಲಿ ನೇತಾಡುವ ಐಡಿ ಕಾರ್ಡಿನಿಂದ ಆ ಅರ್ಥ ಬದಲಾಗಲಿಲ್ಲ. ಜೊತೆಗೆ ಬೇಕಾದಷ್ಟು ಸಾಕ್ಷಿಗಳಿದ್ದವು. ಹಗಲೆಲ್ಲ ಬಾಗಿಲು ಹಾಕಿರುತ್ತಾಳೆ, ಯಾರ ಜೊತೆಯೂ ಮಾತಿಲ್ಲ, ಕಣ್ಣು ಯಾವಾಗಲೂ ಕೆಂಪು, ಅವಳ ರೂಮಿನಲ್ಲಿ ಒಗ್ಗರಣೆಯ ವಾಸನೆ ಬಂದದ್ದೇ ಇಲ್ಲ. ನಿದ್ದೆಗೆಟ್ಟವಳು ಹಗಲು ಮಲಗುತ್ತಾಳೆ ಎನ್ನುವ ಸರಳವಾದ ವಿಷಯ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಅದರಲ್ಲಿ ರುಚಿ ಇರಲಿಲ್ಲ.

ಡಿಸೆಂಬರಿನ ಒಂದು ಮಧ್ಯಾಹ್ನ ಅಧ್ಯಕ್ಷರು ಆಂಟಿಯ ಕೊಟ್ಟಿಗೆಗೆ ಬಂದು ನಿಂತರು. ನನ್ನ ಕಿಟಕಿ ಕೊಟ್ಟಿಗೆಯ ಕಡೆಗೇ ಇತ್ತು. ನಿದ್ದೆಯಿಂದ ಆಗತಾನೆ ಎದ್ದಿದ್ದ ನನಗೆ ಅವರ ಮಾತು ಸ್ಪಷ್ಟವಾಗಿ ಕೇಳಿಸಿತು.

“ಆ ಹುಡುಗೀನ ಖಾಲಿ ಮಾಡ್ಸಿಬಿಡಿ ಕಣಕ್ಕ. ಊರಲ್ಲಿ ಹೆಣ್ಮಕ್ಕಳಿದಾರೆ, ನಾಳೆ ನಮಗೇ ಕೆಟ್ಟ ಹೆಸರು.”

ಆಂಟಿ ಹಸುವಿನ ಮೈ ತಿಕ್ಕುವುದನ್ನು ನಿಲ್ಲಿಸಲಿಲ್ಲ. “ಮಾಡ್ಸಾನ ಬಿಡಪ್ಪ. ಆದ್ರೆ ನಾಳಿದ್ದು ಧನುರ್ಮಾಸ ಉಟ್ತದಲ್ಲ. ಶೂನ್ಯಮಾಸದಾಗೆ ಮನೆ ತುಂಬ್ಸದೂ ಇಲ್ಲ, ಖಾಲಿ ಮಾಡ್ಸದೂ ಇಲ್ಲ ಅಂತ ವರ್ಸವರ್ಸ ಮೈಕಲ್ಲಿ ಯೋಳೋನು ನೀನೇ ತಾನೆ?”

ಆ ತಿಂಗಳು ಅಧ್ಯಕ್ಷರೇ ತಮ್ಮ ಸೈಟುಗಳ ರಿಜಿಸ್ಟ್ರೇಷನ್ನುಗಳನ್ನು ಮುಂದಕ್ಕೆ ಹಾಕಿದ್ದರು. ಸಂಕ್ರಾಂತಿ ಕಳೆಯಲಿ ಎಂದು ಒಪ್ಪಿಕೊಂಡು ಹೊರಟುಹೋದರು. ಸಂಜೆ ಕ್ಯಾಬಿಗೆ ಕಾಯುತ್ತಿದ್ದಾಗ ಆಂಟಿ ವಿಷಯವನ್ನು ನನಗೆ ನೇರವಾಗಿ ಹೇಳಿದರು. ಅವರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಮರುಕವೂ ಇರಲಿಲ್ಲ. ಮರುದಿನ ಬೇರೆ ರೂಮು ಹುಡುಕಲು ಹೊರಟರೆ ಅಲ್ಲೂ ಎಲ್ಲರದು ಅದೇ ಮಾತು, ಸಂಕ್ರಾಂತಿ ಆದ ಮೇಲೆ ಬನ್ನಿ. ಅವಮಾನದಿಂದ ಆ ರಾತ್ರಿ ಒಬ್ಬ ಮುದುಕಿಯ ಮಷೀನಿನ ಬಗ್ಗೆ ಮಾತಾಡುವಾಗ ಮತ್ತೆ ಮತ್ತೆ ಮೂಗು ಎಳೆದುಕೊಳ್ಳುತ್ತಿದ್ದೆ. ಶೀತ ಆಗಿದೆಯೇ ಎಂದು ಆಕೆ ಕೇಳಿದಳು. ಹೌದು ಎಂದೆ.

ಧನುರ್ಮಾಸದ ಮೊದಲ ದಿನ ಕ್ಯಾಬನ್ನು ನಮ್ಮ ಬೀದಿಗೆ ತಿರುಗಿಸಲಾಗಲಿಲ್ಲ. ವೇಣುಗೋಪಾಲಸ್ವಾಮಿ ಗುಡಿಯ ಮುಂದೆ ರಸ್ತೆಗೆ ಅಡ್ಡವಾಗಿ ಶಾಮಿಯಾನ ಹಾಕಿದ್ದರು. ಹೆಂಗಸರು ಮನೆಯೊಳಗೆ ಹೋಗುವವರೆಗೆ ಡ್ರೈವರು ಜೊತೆಗಿರಬೇಕೆಂದು ಕಂಪನಿಯ ಕಟ್ಟುನಿಟ್ಟು. ಹಾಗಾಗಿ ಡ್ರೈವರಣ್ಣನೂ ಗಾಡಿ ನಿಲ್ಲಿಸಿ ನನ್ನೊಡನೆ ನಡೆದು ಬಂದ. ಗುಡಿಯ ಪಕ್ಕದಲ್ಲಿ ದೊಡ್ಡ ಹಂಡೆ ಒಲೆಯ ಮೇಲಿತ್ತು. ತುಪ್ಪ, ಕುಟ್ಟಿದ ಮೆಣಸು, ಹುರಿದ ಗೋಡಂಬಿಯ ಪರಿಮಳ ಆ ಚಳಿಯಲ್ಲಿ ಎದುರುಗೊಂಡು ಬಂತು. ಮಧ್ಯರಾತ್ರಿ ಕ್ಯಾಂಟೀನಿನಲ್ಲಿ ಕೊಡುತ್ತಿದ್ದ ತಣ್ಣನೆಯ ಸ್ಯಾಂಡ್‌ವಿಚ್ಚಿನ ಮೇಲೆ ಬದುಕಿದ್ದ ಇಬ್ಬರ ಕಾಲೂ ಅಲ್ಲೇ ನಿಂತವು.

“ಮೇಡಂ, ಪೊಂಗಲ್ ರೆಡಿ ಆದಂಗಿದೆ. ಒಂಚೂರು ನಿಂತ್ಕೊಂಡ್ರೆ ಇಬ್ರಿಗೂ ಸಿಗುತ್ತೆ,” ಎಂದ ಡ್ರೈವರಣ್ಣ.

ಮಂಗಳಾರತಿಗೆ ಮುಂಚೆ ಹುಗ್ಗಿ ಕೊಡುವುದಿಲ್ಲ, ಸಹಸ್ರನಾಮ ಮುಗಿಯದೆ ಮಂಗಳಾರತಿ ಆಗುವುದಿಲ್ಲ. ನಾನು ಒಂದು ಕಂಬಕ್ಕೆ ಒರಗಿ ನಿಂತೆ. ನಿಂತಲ್ಲೇ ನಿದ್ದೆ ಮಾಡುವುದು ನಮ್ಮ ಕೆಲಸದವರಿಗೆಲ್ಲ ಒಲಿದ ವಿದ್ಯೆ. ಕಣ್ಣು ಮುಚ್ಚಿದ್ದೇ ತಡ, ದೇವರ ಸಾವಿರ ಹೆಸರುಗಳೂ ನನ್ನನ್ನು ದಾಟಿಹೋದವು. ಜಾಗಟೆ ಹೊಡೆದಾಗ ಬೆಚ್ಚಿಬಿದ್ದು, ಎಲ್ಲಿದ್ದೇನೆಂದು ತಿಳಿಯದೆ, ಎರಡೂ ಕೈ ಜೋಡಿಸಿದೆ. ಸ್ಕ್ರೀನು ನೋಡಿ ನೋಡಿ ಉರಿಯುತ್ತಿದ್ದ ಕಣ್ಣಿಗೆ ಕರ್ಪೂರದ ಹೊಗೆ ತಾಗಿ ನೀರು ಧಾರೆಯಾಗಿ ಇಳಿಯಿತು. ಪಕ್ಕದಲ್ಲಿದ್ದ ಹೆಂಗಸರು ತಮ್ಮ ಪಾಡಿಗೆ ತಾವು ನಮಸ್ಕಾರ ಮಾಡುವುದನ್ನು ಬಿಟ್ಟು ನನ್ನನ್ನು ನೋಡುತ್ತಿದ್ದರು. ಅವರಲ್ಲಿ ಎದುರು ಮನೆಯಾಕೆಯೂ ಇದ್ದರು.

ಹುಗ್ಗಿ ಬಿಸಿಯಾಗಿತ್ತು, ದೊನ್ನೆಯ ತಳದಲ್ಲಿ ತುಪ್ಪ ನಿಂತಿತ್ತು. ಎರಡು ದೊನ್ನೆ ತಿಂದು ರೂಮಿಗೆ ಹೋಗಿ ಮಲಗಿದೆ. ಆ ಚಳಿಗಾಲದಲ್ಲಿ ಅಷ್ಟು ಚೆನ್ನಾಗಿ ನಿದ್ದೆ ಬಂದದ್ದು ಅದೇ ಮೊದಲು. ಮರುದಿನ ಕ್ಯಾಬು ಗುಡಿಯ ಹತ್ತಿರ ಬಂದಾಗ ಡ್ರೈವರಣ್ಣ ನನ್ನನ್ನು ಕೇಳದೆಯೇ ಗಾಡಿ ನಿಲ್ಲಿಸಿದ.

ವಾರ ಕಳೆಯುವಷ್ಟರಲ್ಲಿ ಅರ್ಚಕರು ನನಗಾಗಿ ಅರ್ಚನೆ ಮಾಡಲು ಮುಂದಾದರು. ಕಂಬಕ್ಕೊರಗಿ ನಿದ್ದೆಯ ಅಂಚಿನಲ್ಲಿದ್ದವಳ ಮುಂದೆ ತಟ್ಟೆ ಹಿಡಿದು ಹೆಸರೇನು, ನಕ್ಷತ್ರ ಯಾವುದು ಎಂದು ಕೇಳಿದರು. ಅಮೆರಿಕದವರ ನಾಲಿಗೆಗೆ ಸುಲಭವಾಗಲೆಂದು ಕಂಪನಿಯವರು ನನಗೊಂದು ಇಂಗ್ಲಿಷ್ ಹೆಸರು ಕೊಟ್ಟಿದ್ದರು. ಯಾರಾದರೂ ಹೆಸರು ಕೇಳಿದರೆ ಆ ಹೊತ್ತಿನಲ್ಲಿ ನನ್ನ ಬಾಯಿಗೆ ಬರುತ್ತಿದ್ದುದು ಅದೇ. ಅದೇ ಬಂತು, ಅದೇ ರಾಗದಲ್ಲಿ. ಅರ್ಚಕರು ಒಂದು ಕ್ಷಣ ತಡೆದರು. ಆದರೆ ಅವರು ಆ ಹೊತ್ತಿಗೆ ವೈಟ್‌ಫೀಲ್ಡಿನಲ್ಲಿ ಎಷ್ಟೋ ಬಗೆಯ ಭಕ್ತರನ್ನು ಕಂಡಿದ್ದವರು. ಆ ಹೆಸರಿಗೊಂದು ಸಂಸ್ಕೃತದ ಬಾಲ ಅಂಟಿಸಿ ಸಂಕಲ್ಪ ಮುಂದುವರಿಸಿದರು. ತಿದ್ದಲು ನನಗೆ ಸಂಕೋಚ. ತಿಂಗಳು ಪೂರ್ತಿ ಅದೇ ಹೆಸರಿನಲ್ಲಿ ಅರ್ಚನೆ ನಡೆದು, ಧನುರ್ಮಾಸದ ಪುಣ್ಯವೆಲ್ಲ ಈ ಭೂಮಿಯ ಮೇಲೆ ಇಲ್ಲದ ಒಬ್ಬ ಹೆಣ್ಣುಮಗಳ ಹೆಸರಿಗೆ ಸಂದಾಯವಾಯಿತು.

ಇತ್ತ ನಮ್ಮ ಬೀದಿಯಲ್ಲಿ ನನ್ನ ವಿರುದ್ಧದ ಸಾಕ್ಷಿಗಳೆಲ್ಲ ಒಂದೊಂದಾಗಿ ಪಕ್ಷ ಬದಲಿಸತೊಡಗಿದವು. ಆಂಟಿ ಆಗಾಗ ಬಂದು ಹೇಳುತ್ತಿದ್ದುದರಿಂದ ನನಗೆ ತಿಳಿಯುತ್ತಿತ್ತು. ಹಗಲೆಲ್ಲ ಬಾಗಿಲು ಹಾಕಿರುವುದು ಏಕಾಂತದಲ್ಲಿ ಜಪ ಮಾಡಲಿಕ್ಕಂತೆ. ಯಾರ ಜೊತೆಯೂ ಮಾತಾಡದಿರುವುದು ಮೌನವ್ರತವಂತೆ. ಒಗ್ಗರಣೆಯ ವಾಸನೆ ಇಲ್ಲದ್ದು ಒಪ್ಪೊತ್ತಿನ ಊಟದಿಂದಾಗಿಯಂತೆ, ಅದೂ ಬರೀ ಪ್ರಸಾದ. ಕಣ್ಣು ಕೆಂಪಗಿರುವುದಕ್ಕೆ ಕಾರಣ ದೇವರ ಮುಂದೆ ಸುರಿಸಿದ ಕಣ್ಣೀರು, ಅದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಕ್ಯಾಬು ಕೂಡ ಬದಲಾಗಿತ್ತು. ಅದೀಗ ಬ್ರಾಹ್ಮೀ ಮುಹೂರ್ತಕ್ಕೆ ಸರಿಯಾಗಿ ಗುಡಿಗೆ ಬರಲೆಂದು ಹುಡುಗಿ ಮಾಡಿಕೊಂಡಿರುವ ಗಾಡಿ.

ಇದನ್ನು ಕೇಳಿ ನನಗೆ ನಗು ಬರುತ್ತಿತ್ತು, ಒಳಗೆ ಉರಿಯುತ್ತಲೂ ಇತ್ತು. ಅದೇ ನಾನು, ಅದೇ ಗಾಡಿ, ಅದೇ ಹೊತ್ತು. ಮನೆಯ ಬಾಗಿಲಲ್ಲಿ ಇಳಿದಾಗ ಕೆಟ್ಟವಳು, ಗುಡಿಯ ಬಾಗಿಲಲ್ಲಿ ಇಳಿದಾಗ ಸಾಧ್ವಿ.

ಹುಗ್ಗಿಯ ಸುದ್ದಿ ಆಫೀಸಿನಲ್ಲಿ ಹರಡಿತು. ಬೇರೆ ಬೇರೆ ಕ್ಯಾಬುಗಳು ಬಳಸುದಾರಿ ಹಿಡಿದು ನಮ್ಮ ಗುಡಿಗೆ ಬರತೊಡಗಿದವು. ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡ ಹುಡುಗ ಹುಡುಗಿಯರು ಆಕಳಿಸುತ್ತಾ ಸಾಲಾಗಿ ನಿಂತದ್ದನ್ನು ಕಂಡು ಅಧ್ಯಕ್ಷರು ಪುಳಕಿತರಾದರು. ‘ಐಟಿ ಭಕ್ತವೃಂದಕ್ಕೆ ಸ್ವಾಗತ’ ಎಂದು ಒಂದು ಫ್ಲೆಕ್ಸು ಕಟ್ಟಿಸಿದರು. ಅದರಲ್ಲಿ ವೇಣುಗೋಪಾಲನಿಗಿಂತ ಅಧ್ಯಕ್ಷರ ಭಾವಚಿತ್ರ ದೊಡ್ಡದಾಗಿತ್ತು.

ಅದೇ ಸಾಲಿನ ಹಿಂದೆ ಇನ್ನೊಂದು ಸಾಲಿತ್ತು. ಗಾಜಿನ ಕಟ್ಟಡಗಳನ್ನು ಕಟ್ಟಲು ಯಾದಗಿರಿ, ರಾಯಚೂರು ಕಡೆಯಿಂದ ಬಂದು ತಗಡಿನ ಶೆಡ್ಡುಗಳಲ್ಲಿದ್ದವರು ಕೆಲಸಕ್ಕೆ ಹೋಗುವ ಮುಂಚೆ ದೊನ್ನೆಗಾಗಿ ಕಾಯುತ್ತಿದ್ದರು. ಅವರನ್ನು ಸಮಿತಿಯವರು ‘ಹುಗ್ಗಿಗೆ ಬರೋರು’ ಎನ್ನುತ್ತಿದ್ದರು. ನಾವು ಭಕ್ತರು. ನಮಗೆ ಎರಡು ಸೌಟು, ಅವರಿಗೆ ತಳದಲ್ಲಿ ಉಳಿದದ್ದು. ಒಂದು ದಿನ ಆ ಸಾಲಿನಲ್ಲಿದ್ದ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದ ಹೆಂಗಸೊಬ್ಬಳು ನನ್ನ ಕೈಯ ಎರಡನೆಯ ದೊನ್ನೆಯನ್ನು ನೋಡುತ್ತಾ, “ಅಕ್ಕಾರ, ನಿಮ್ಮ ಮಾತು ನಡೀತೈತಂತ ಇಲ್ಲಿ. ನಮಗೂ ಒಂದೀಟು ಜಾಸ್ತಿ ಹಾಕ್ಲಿಕ್ಕೆ ಹೇಳ್ರಿ,” ಎಂದಳು. ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅದಕ್ಕೇ ಅದು ನನಗೆ ನಾಟಿತು. ಆ ದೊನ್ನೆಯನ್ನು ಅವಳಿಗೆ ಕೊಟ್ಟೆ.

ಮರುದಿನ ಮಂಗಳಾರತಿ ಆದ ಮೇಲೆ ಅಧ್ಯಕ್ಷರ ಹತ್ತಿರ ಹೋದೆ. ನ್ಯಾಯದ ಮಾತು ಆಡಿದರೆ ಅವರು ಬಜೆಟ್ಟಿನ ಮಾತು ಆಡುತ್ತಾರೆಂದು ಗೊತ್ತಿತ್ತು. ಹಾಗಾಗಿ ತಲೆ ಬಗ್ಗಿಸಿ, ಮೆಲ್ಲಗೆ, “ಸಾರ್, ಕಣ್ಮುಚ್ಚಿದಾಗ ಏನೋ ಅನ್ನಿಸ್ತು. ಕೂಲಿಯವರಿಗೆ ಮೊದಲು ಬಡಿಸಿದ್ರೆ ಸ್ವಾಮಿಗೆ ಇಷ್ಟ ಆಗುತ್ತೆ ಅಂತ,” ಎಂದೆ. ಅಧ್ಯಕ್ಷರ ಮುಖ ಗಂಭೀರವಾಯಿತು. ಸ್ವಾಮಿ ಬೇರೆ ಏನಾದರೂ ಹೇಳಿದನೇ ಎಂದು ಕೇಳಿದರು. ಇಲ್ಲ, ಇಷ್ಟೇ ಎಂದೆ. ಮರುದಿನ ಇನ್ನೊಂದು ಹಂಡೆ ಒಲೆ ಏರಿತು. ಆ ತಿಂಗಳಲ್ಲಿ ನಾನು ಸಂತಳಾಗಿದ್ದರಿಂದ ಆದ ಒಂದೇ ಒಂದು ಪ್ರಯೋಜನ ಅದು.

ಸಂಕ್ರಾಂತಿಯ ದಿನ ಗುಡಿಯ ಮುಂದೆ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಶಾಲು ಹೊದಿಸಿದರು. ಬೇಡವೆಂದು ಎಷ್ಟು ಹೇಳಿದರೂ ಅದನ್ನು ವಿನಯವೆಂದೇ ತಿಳಿದರು. ಅಧ್ಯಕ್ಷರು ಮೈಕು ಹಿಡಿದು, “ಈಗಿನ ಕಾಲದ ಹೆಣ್ಮಕ್ಕಳು ರಾತ್ರಿ ಒಂಬತ್ತಾದ್ರೂ ಮನೆ ಸೇರಲ್ಲ. ಈ ತಾಯೀನ ನೋಡಿ. ಬೆಳಗಿನ ಜಾವ ಐದಕ್ಕೆಲ್ಲ ಭಗವಂತನ ಎದುರಿಗಿರ್ತಾಳೆ,” ಎಂದರು. ಜನ ಚಪ್ಪಾಳೆ ತಟ್ಟಿದರು. ಅದಕ್ಕೂ ಮುಂಚೆ ನಾನು ಎಲ್ಲಿರುತ್ತೇನೆಂದು ಯಾರೂ ಕೇಳಲಿಲ್ಲ. ಇಳಿದು ಬರುವಾಗ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು, ಡಿಗ್ರಿ ಮುಗಿಸಿ ಮನೆಯಲ್ಲಿದ್ದ ತಮ್ಮ ಮಗನಿಗೆ ನಮ್ಮ ಕಂಪನಿಯಲ್ಲಿ ಏನಾದರೂ ಆಗಬಹುದೇ ಎಂದು ವಿಚಾರಿಸಿದರು. ಶೂನ್ಯಮಾಸ ಮುಗಿದಿತ್ತು. ಮನೆ ಖಾಲಿ ಮಾಡಿಸುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸಂಜೆ ಎಳ್ಳು ಬೆಲ್ಲ ಕೊಡಲು ಬಂದ ಆಂಟಿಯ ಹತ್ತಿರ ನಿಜ ಹೇಳದೆ ಇರಲಾಗಲಿಲ್ಲ. ನಾನು ಹೋಗುತ್ತಿದ್ದುದು ಬರೀ ಹುಗ್ಗಿಗೆ, ಕಣ್ಣು ಮುಚ್ಚುತ್ತಿದ್ದುದು ನಿದ್ದೆಗೆ ಎಂದೆ. ಆಂಟಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಇನ್ಯಾತಕ್ಕಮ್ಮಿ ಬರ್ತಾರೆ? ಆ ಚಳೀಲಿ ನಾನೂ ಅದಕ್ಕೇ ಓಗದು. ಹುಗ್ಗಿ ಇಲ್ದೆ ಬರೀ ತೀರ್ಥ ಕೊಟ್ಟಿದ್ರೆ ಆ ಅಧ್ಯಕ್ಷನೂ ಎದ್ದು ಬತ್ತಿರ್ಲಿಲ್ಲ.”

ಆದರೆ ಆಂಟಿಯ ಈ ತಿಳಿವಳಿಕೆ ಬೀದಿಯಲ್ಲಿ ಉಳಿದವರಿಗಿರಲಿಲ್ಲ. ಶಿವರಾತ್ರಿ ಬಂದಾಗ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಊರಾಚೆಯ ಈಶ್ವರನ ಗುಡಿಯಲ್ಲಿ ಹೆಂಗಸರ ಜಾಗರಣೆಯ ಮುಂದಾಳತ್ವ ನನ್ನದೇ ಆಗಬೇಕೆಂದು ಎದುರು ಮನೆಯಾಕೆ ಮನೆಗೆ ಬಂದು ಕೇಳಿಕೊಂಡರು. ನಿದ್ದೆಯನ್ನು ಗೆದ್ದವಳು ನಾನೆಂದು ಅಷ್ಟು ಹೊತ್ತಿಗೆ ಹೆಸರಾಗಿತ್ತು. ಇದೊಂದು ವಿಷಯದಲ್ಲಿ ನನಗೂ ಧೈರ್ಯವಿತ್ತು. ವರ್ಷದ ಎಲ್ಲ ರಾತ್ರಿ ಜಾಗರಣೆ ಮಾಡುವವಳಿಗೆ ಒಂದು ಶಿವರಾತ್ರಿ ಯಾವ ಲೆಕ್ಕ ಎಂದುಕೊಂಡು ರಜೆ ಹಾಕಿದೆ.

ಎಷ್ಟೋ ಕಾಲದ ಮೇಲೆ ನನಗೆ ಸಿಕ್ಕ ಬಿಡುವಿನ ರಾತ್ರಿ ಅದು. ಕಿವಿಗೆ ಹೆಡ್‌ಫೋನಿಲ್ಲ, ಮುಂದೆ ಸ್ಕ್ರೀನಿಲ್ಲ, ಬೆನ್ನಿಗೆ ತಣ್ಣನೆಯ ಗೋಡೆ. ಮೊದಲನೆಯ ಯಾಮದ ಪೂಜೆ ಶುರುವಾಗಿ, ಹೆಂಗಸರು ಭಜನೆ ಎತ್ತಿಕೊಂಡು, ನಾನು ಹೇಳಿಕೊಡಬೇಕಾದ ಎರಡನೆಯ ಸಾಲು ಬರುವ ಮುಂಚೆಯೇ ನಿದ್ದೆ ಹೋಗಿದ್ದೆ. ಎಚ್ಚರವಾದಾಗ ಬಿಸಿಲು ಬಂದಿತ್ತು. ಯಾರೋ ಜಮಖಾನ ಹೊದಿಸಿದ್ದರು. ರಾತ್ರಿ ನಾನು ಗೊರಕೆ ಹೊಡೆದದ್ದನ್ನು, ಅದು ಮೈಕಿನಲ್ಲಿ ಕೇಳಿಸಿದ್ದನ್ನು, ಅಧ್ಯಕ್ಷರ ಹೆಂಡತಿ ಬಂದು ಮೈಕು ಆಚೆ ಸರಿಸಿದ್ದನ್ನು ಆಂಟಿ ದಾರಿಯಲ್ಲಿ ಹೇಳಿದರು. ಹೇಳುತ್ತಾ ಹೇಳುತ್ತಾ ನಗು ತಡೆಯಲಾರದೆ ವಿದ್ಯುತ್ ಕಂಬ ಹಿಡಿದು ನಿಂತುಬಿಟ್ಟರು. ನಾನೂ ನಕ್ಕೆ.

ನನ್ನ ಸಂತಗಿರಿ ಅಲ್ಲಿಗೆ ಮುಗಿಯಿತು. ಅದರಿಂದ ನನಗೆ ಹಗುರವೇ ಆಯಿತು. ಎಲ್ಲರೂ ಮಾತಾಡಿಸತೊಡಗಿದರು. ಅದರಲ್ಲೂ ಎದುರು ಮನೆಯಾಕೆಯ ಮಗಳು. ಬಿಕಾಂ ಕೊನೆಯ ವರ್ಷದಲ್ಲಿದ್ದ ಅವಳನ್ನು ಧನುರ್ಮಾಸದಲ್ಲಿ ಭಕ್ತಿ ಕಲಿಯಲೆಂದು ತಾಯಿ ನನ್ನ ಪಕ್ಕದಲ್ಲೇ ನಿಲ್ಲಿಸುತ್ತಿದ್ದರು. ಅವಳು ಸಹಸ್ರನಾಮದ ನಡುವೆ ನನ್ನ ಕಿವಿಯಲ್ಲಿ ಇಂಟರ್‌ವ್ಯೂನಲ್ಲಿ ಏನೇನು ಕೇಳುತ್ತಾರೆಂದು ಕೇಳುತ್ತಿದ್ದಳು. ಪರೀಕ್ಷೆ ಮುಗಿದ ಮೇಲೆ ಹೋಗಿ ಪಾಸಾಗಿಯೂ ಬಂದಳು. ಅಧ್ಯಕ್ಷರ ಮಗ ಮೊದಲನೆಯ ಸುತ್ತಿನಲ್ಲೇ ಹಿಂದಕ್ಕೆ ಬಂದ.

ರಾತ್ರಿ ಪಾಳಿಯ ಕೆಲಸಕ್ಕೆ ತಾಯಿ ತಕರಾರು ತೆಗೆಯುತ್ತಾರೆಂದು ನಾನೂ ಮಗಳೂ ಉತ್ತರಗಳನ್ನು ಹೊಂದಿಸಿಕೊಂಡಿದ್ದೆವು. ತಾಯಿಯ ತಕರಾರು ಪಾಳಿಯ ಬಗ್ಗೆ ಇರಲೇ ಇಲ್ಲ. ಕೆಲಸಕ್ಕೆ ಸೇರುವ ದಿನ ಆಷಾಢದಲ್ಲಿ ಬಿದ್ದಿತ್ತು. ಆಷಾಢದಲ್ಲಿ ಹೊಸ ಕೆಲಸ ಶುರು ಮಾಡಬಾರದು, ಶ್ರಾವಣದಲ್ಲಿ ಸೇರುತ್ತೇನೆಂದು ಕಂಪನಿಗೆ ಹೇಳು ಎಂದು ಪಟ್ಟು ಹಿಡಿದರು. ಮಗಳು ಫೋನು ಮಾಡಿ ಕೇಳಿದಳು. ಆ ಕಡೆಯ ಹುಡುಗ ದೆಹಲಿಯವನು, ಆಷಾಢ ಎಂದರೆ ಯಾವ ಕಾಯಿಲೆ ಎಂದು ಕೇಳಿದ.

ದಾರಿ ತೋರಿಸಿದವರು ಅರ್ಚಕರು. ಒಳ್ಳೆಯ ದಿನವೊಂದರಲ್ಲಿ ಮನೆಯಿಂದ ಒಂದು ಸಾಮಾನನ್ನು ಹೊರಡಿಸಿ ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಆಗಲೇ ಶುರುವಾದಂತೆ, ಅದನ್ನು ಪ್ರಸ್ಥಾನ ಇಡುವುದು ಎನ್ನುತ್ತಾರೆ. ಆಮೇಲೆ ಯಾವ ದಿನ ಹೊರಟರೂ ದೋಷವಿಲ್ಲ. ಹಾಗೆ ಜ್ಯೇಷ್ಠಮಾಸದ ಕೊನೆಯ ಗುರುವಾರ ಒಳ್ಳೆಯ ಹೊತ್ತು ನೋಡಿ, ಒಂದು ಹೊಸ ಹ್ಯಾಂಡ್‌ಬ್ಯಾಗಿಗೆ ಅರಿಶಿನ ಕುಂಕುಮ ಹಚ್ಚಿ, ತಾಯಿ ಮಗಳು ಅದನ್ನು ಬೀದಿ ದಾಟಿಸಿ ನನ್ನ ರೂಮಿನಲ್ಲಿ ತಂದಿಟ್ಟರು. ಅದರೊಳಗೆ ಒಂದು ನೀರಿನ ಬಾಟಲಿ, ಒಂದು ಬಾಚಣಿಗೆ, ಆಫರ್ ಲೆಟರಿನ ಜೆರಾಕ್ಸು ಇದ್ದವು. ನಾನು ಅದನ್ನು ಕದಲಿಸಬಾರದಿತ್ತು. ತಾಯಿ ದಿನವೂ ಬಂದು ಮಗಳ ಪ್ರಯಾಣ ಎಲ್ಲಿಯವರೆಗೆ ಬಂತೆಂದು ನೋಡುವವರಂತೆ ಬ್ಯಾಗನ್ನು ನೋಡಿಕೊಂಡು ಹೋಗುತ್ತಿದ್ದರು.

ಮೊದಲ ಪಾಳಿ ಒಂದು ಭಾನುವಾರ ಸಂಜೆ. ಕ್ಯಾಬು ಐದೂವರೆಗೆ ಬಂದು ನಿಂತಿತು. ಭಾನುವಾರದ ರಾಹುಕಾಲ ನಾಲ್ಕೂವರೆಗೆ ಶುರುವಾದರೆ ಮುಗಿಯುವುದು ಆರಕ್ಕೆ. ತಾಯಿ ಡ್ರೈವರಿನ ಕೈಗೆ ಕಾಫಿಯ ಲೋಟ ಕೊಟ್ಟು, ಒಳಗೆ ಕೂತಿದ್ದ ನಮಗೆಲ್ಲ ಕೋಡುಬಳೆ ಹಂಚಿ, ಗಡಿಯಾರ ನೋಡುತ್ತಾ ಗಾಡಿಯ ಮುಂದೆಯೇ ನಿಂತುಬಿಟ್ಟರು. ಹಾರನ್ನು ಹೊಡೆದರೂ ಸರಿಯಲಿಲ್ಲ. ಆರು ಹೊಡೆದ ಮೇಲೆ ಮಗಳು ನನ್ನ ರೂಮಿನಿಂದ ಬ್ಯಾಗು ಎತ್ತಿಕೊಂಡು ಬಂದು ಹತ್ತಿದಳು. ಆ ದಿನ ನಮ್ಮ ಕ್ಯಾಬಿನಲ್ಲಿದ್ದ ಎಲ್ಲರಿಗೂ ತಡವಾಗಿ ಬಂದದ್ದಕ್ಕೆ ಮೇಲಿನವರಿಂದ ಬೈಗುಳ ಬಿತ್ತು. ಅವಳಿಗೆ ಮೊದಲ ದಿನವೇ ಬಿತ್ತು. ಅವಳು ತಲೆ ತಗ್ಗಿಸಿ ನಿಂತು, ಕೋಡುಬಳೆಯ ಚೂರನ್ನು ದವಡೆಯ ಸಂದಿಯಲ್ಲಿ ಸರಿಸಿಕೊಂಡು, ಸಾರಿ ಸಾರ್ ಎಂದಳು.

ಅದಾದ ಎರಡು ವರ್ಷಕ್ಕೆ ನಾನು ಆ ಕೆಲಸ ಬಿಟ್ಟು ಹಗಲಿನ ಕೆಲಸ ಹಿಡಿದು ಬೆಳ್ಳಂದೂರಿನ ಕಡೆಗೆ ಬಂದೆ. ಅವಳು ಅಲ್ಲೇ ಉಳಿದಳು, ಮೇಲಕ್ಕೂ ಹೋದಳು. ಈಗ ಆ ಕಂಪನಿಯ ಎಲ್ಲ ಕ್ಯಾಬುಗಳೂ ಯಾವ ಹೊತ್ತಿಗೆ ಹೊರಡಬೇಕೆಂದು ನಿರ್ಧರಿಸುವುದು ಅವಳೇ. ಭಾನುವಾರ ಸಂಜೆಯ ಗಾಡಿಗಳನ್ನೆಲ್ಲ ಅವಳು ನಾಲ್ಕೂಕಾಲಿಗೇ ಹೊರಡಿಸುತ್ತಾಳಂತೆ. ಟ್ರಾಫಿಕ್ ಜಾಸ್ತಿ ಎಂದು ಮೇಲಿನವರಿಗೆ ಕಾರಣ ಕೊಟ್ಟಿದ್ದಾಳೆ.